ಮನೆಮಾತು ತಾಳ ಹಿಡಿದ ಕಥೆ

ಹಿಪ್ ಹಾಪ್ ಎಂದರೆ ನಮ್ಮ ವಯಸ್ಸಿನವರು ಮುಖ ಸಿಂಡರಿಸುವುದೇ ಹೆಚ್ಚು. ನಾನೂ ಹಾಗೆಯೇ ಇದ್ದೆ. ಸೇಲಂ, ಧರ್ಮಪುರಿ ಬಸ್ಸುಗಳಲ್ಲಿ ಕೇಳುವ ಆ ಗದ್ದಲಕ್ಕೂ ಒಂದು ಚರಿತ್ರೆ ಇದೆ ಎಂದು ತಿಳಿದದ್ದು ಮೊಮ್ಮಗನಿಂದ.

ಇದರ ಹುಟ್ಟು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಅಲ್ಲಿನ ಒಂದು ಕೂಟದಲ್ಲಿ ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣ ಹಾಡಿನ ತಾಳದ ಭಾಗವನ್ನಷ್ಟೇ ಹಿಗ್ಗಿಸಿ ನುಡಿಸಿದ. ಆ ತಾಳಕ್ಕೆ ಆಮೇಲೆ ಮಾತು ಸೇರಿತು. ವಾದ್ಯ ಕೊಳ್ಳಲು ಕಾಸಿಲ್ಲದವರಿಗೂ ನಾಲಿಗೆ ಇತ್ತಲ್ಲ!

ತಮಿಳಿನಲ್ಲಿ ಇದು ಮೊದಲು ಬೇರೂರಿದ್ದು ಎಲ್ಲಿ ಅಂದುಕೊಂಡಿರಿ? ಚೆನ್ನೈಯಲ್ಲಲ್ಲ, ಮಲೇಷಿಯಾದಲ್ಲಿ. ರಬ್ಬರ್ ತೋಟಗಳಿಗೆ ಕೂಲಿಗೆಂದು ಹೋದ ತಮಿಳರು ನೆಲೆಸಿದ ದೇಶ ಅದು. ಅಲ್ಲಿನ ಯೋಗಿ ಬಿ ಮತ್ತು ನಚ್ಚತ್ರ ತಂಡ 2006ರಲ್ಲಿ 'ವಲ್ಲವನ್' ಎಂಬ ತನ್ನ ಮೊದಲ ಆಲ್ಬಂ ತಂದಿತು. 1980ರ 'ನಿಳಲ್‌ಗಳ್' ಚಿತ್ರಕ್ಕೆ ಇಳಯರಾಜಾ ಮಾಡಿದ ಒಂದು ಹಾಡನ್ನು ಅದರಲ್ಲಿ ಹೊಸದಾಗಿ ಕಟ್ಟಿದ್ದರು. ಆ ಹಾಡು ಸಮುದ್ರ ದಾಟಿ ನಮ್ಮ ಕಡೆಗೂ ಬಂತು.

ಇತ್ತ ಕೊಯಮತ್ತೂರಿನಲ್ಲಿ ಆದಿ, ಜೀವಾ ಎಂಬ ಗೆಳೆಯರು 2005ರಲ್ಲೇ 'ಹಿಪ್ ಹಾಪ್ ತಮಿಳಾ' ಎಂಬ ತಂಡ ಕಟ್ಟಿಕೊಂಡಿದ್ದರು. 2011ರಲ್ಲಿ ಆದಿ ಒಂದು ಎಫ್‌ಎಂ ಕೇಂದ್ರದಲ್ಲಿ ಹಾಡಿದ್ದು ಯೂಟ್ಯೂಬಿನಲ್ಲಿ ಊರೂರಿಗೆ ಹಬ್ಬಿತು. ಕ್ಲಬ್ಬಿಗೆ ಹೋಗುವ ಹುಡುಗಿಯರನ್ನು ಹಳಿಯುವ ಹಾಡು ಅದು. ನನಗೆ ಹಿಡಿಸಲಿಲ್ಲ, ಕುಡಿಯುವ ಗಂಡಸರಿಗೆ ಯಾರು ಹೇಳುವವರು? ಆದರೆ 2012ರಲ್ಲಿ ಬಂದ ಅವರ ಮೊದಲ ಆಲ್ಬಂ 'ಹಿಪ್ ಹಾಪ್ ತಮಿಳನ್' ಬೇರೆಯೇ ಮಾತು. ಹಾಡೆಂದರೆ ಸಿನಿಮಾ ಹಾಡು ಎನ್ನುವ ನಾಡಿನಲ್ಲಿ, ಸಿನಿಮಾದ ಹಂಗಿಲ್ಲದೆ, ತಮಿಳು ಮಾತನಾಡಲು ನಾಚಿಕೆ ಏಕೆ ಎಂದು ಆ ಹುಡುಗರು ಕೇಳಿದರು. ಸಿನಿಮಾವೇ ಆಮೇಲೆ ಅವರನ್ನು ಹುಡುಕಿಕೊಂಡು ಬಂತು. 2015ರ 'ಆಂಬಳ' ಚಿತ್ರಕ್ಕೆ ಅವರದೇ ಸಂಗೀತ. 2017ರ 'ಮೀಸೆಯ ಮುರುಕ್ಕು' ಚಿತ್ರದಲ್ಲಿ ಆದಿ ತಮ್ಮ ಕಥೆಯನ್ನೇ ಹೇಳಿ ತಾನೇ ನಟಿಸಿದ.

ನನ್ನ ಮನಸ್ಸು ಮಾತ್ರ ಮಲೇಷಿಯಾದಲ್ಲೇ ನಿಂತಿದೆ. ತಾಯ್ನಾಡಿನಿಂದ ದೂರವಿದ್ದವರು, ಅಕ್ಕಪಕ್ಕದ ಭಾಷೆ ಬೆರೆತ ಮಾತಿನವರು, ತಾಯ್ನಾಡಿಗಿಂತ ಮುಂದೆ ಹೆಜ್ಜೆ ಇಟ್ಟರಲ್ಲ! ಬ್ಯಾಂಕಿನ ಕೌಂಟರಿನಲ್ಲಿ ತಮಿಳಿನಲ್ಲಿ ನೋಟು ಎಣಿಸಿಕೊಟ್ಟು, ಮನಸ್ಸಿನಲ್ಲಿ ಕನ್ನಡದಲ್ಲಿ ಕೂಡುತ್ತಿದ್ದವನು ನಾನು. ಬೆಂಗಳೂರಿನ ನೆಂಟರ ಮನೆಯಲ್ಲಿ ನಮ್ಮ ಹುಡುಗರು ಟೊಮೆಟೊಗೆ ತಕ್ಕಾಳಿ ಅಂದರೆ ನಗು. ಒಮ್ಮೆ ಹಾಗೆ ನಕ್ಕಮೇಲೆ ಮೊಮ್ಮಗ ಅಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದ.

ಮಲೇಷಿಯಾದವರ ಕಥೆ ಹೇಳಿಯಾದ ಮೇಲೆ ಅವನೇ ಕೇಳಿದ: "ತಾತ, ನಮ್ಮನೆ ಕನ್ನಡದಲ್ಲಿ ನಾನೊಂದು ಹೇಳ್ಲಾ?"

ಊಟದ ಡಬ್ಬಿಯ ಮೇಲೆ ತಾಳ ಹಾಕುತ್ತ, ಪಾಲಕೋಡು ಸಂತೆಯಲ್ಲಿ ಬೆಲೆ ಬಿದ್ದು ಅವರಪ್ಪ ಬರಿಗೈಲಿ ಬಂದದ್ದನ್ನು ಹೇಳಿದ. ತಕ್ಕಾಳಿ ಎಂದೇ ಅಂದ. ನಾನು ತಿದ್ದಲಿಲ್ಲ.