ಹುಳಿವಾಸನೆಯ ರೀಲು: ಭದ್ರಾವತಿಯಿಂದ ವಿಡಿಯೊವರೆಗೆ

ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ರೂಪುಗೊಂಡು 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಮಲೆನಾಡಿನ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಅದಿರು ಕರಗಿಸಲು ಬೇಕಾದ ಇದ್ದಿಲನ್ನು ಮಾಡುತ್ತಿದ್ದರು. ಆಗ ಏಳುವ ಹೊಗೆಯನ್ನು ತಣಿಸಿ ಮರದ ಮದ್ಯಸಾರ, ಡಾಂಬರು ಮತ್ತು ಸುಣ್ಣದ ಅಸಿಟೇಟನ್ನು ಪಡೆಯಲಾಗುತ್ತಿತ್ತು. ಈ ಅಸಿಟೇಟು ಅಸಿಟಿಕ್ ಆಮ್ಲದ, ಅಂದರೆ ವಿನಿಗರಿಗೆ ಹುಳಿ ಕೊಡುವ ವಸ್ತುವಿನ, ಹಳೆಯ ಮೂಲ. ಮನೆಬಳಕೆಯ ಫಿಲ್ಮಿನ ಪಾರದರ್ಶಕ ಪಟ್ಟಿಯೂ ಸಸ್ಯದ ನಾರಿಗೆ ಇದೇ ಆಮ್ಲವನ್ನು ಬೆಸೆದು ಮಾಡಿದ್ದು. ಭದ್ರಾವತಿಯ ಸರಕು ಫಿಲ್ಮಾಯಿತೆಂದು ಇದರ ಅರ್ಥವಲ್ಲ. ಶಿವಮೊಗ್ಗದಂಥ ಊರಿನ ಮಳೆಗಾಲದ ತೇವದಲ್ಲಿ ಹಳೆಯ ರೀಲು ಆ ಆಮ್ಲವನ್ನು ಹೊರಬಿಡತೊಡಗಿದಾಗ ಡಬ್ಬಿಯಿಂದ ಮೂಗಿಗೆ ಬಡಿಯುವ ಹುಳಿವಾಸನೆಯ ಬೇರು ಎಲ್ಲಿದೆಯೆಂದು ತಿಳಿಯಲು ಈ ರಸಾಯನ ನೆರವಾಗುತ್ತದೆ.

ಇಂಥ ಮನೆಬಳಕೆಯ ಫಿಲ್ಮುಗಳಲ್ಲಿ ಒಂದಾದ, 1965ರಲ್ಲಿ ಬಂದ ಸೂಪರ್ 8ರ 50 ಅಡಿಯ ರೀಲಿನಲ್ಲಿ 3,600 ಚಿತ್ರಗಳಿದ್ದು, ಸೆಕೆಂಡಿಗೆ 18ರಂತೆ ಓಡಿಸಿದರೆ ಅದು 3 ನಿಮಿಷ 20 ಸೆಕೆಂಡಿನಲ್ಲಿ ಮುಗಿಯುತ್ತದೆ. 1982ರಲ್ಲಿ ಬಣ್ಣದ ಟೀವಿ ಬಂದು, ಅದರ ಹಿಂದೆ ವಿಡಿಯೊ ಕ್ಯಾಸೆಟ್ಟು ಹರಡಿದ ಮೇಲೆ, ಇಂಥ ರೀಲನ್ನು ಟೇಪಿಗೆ ಇಳಿಸುವ ಅತಿ ಅಗ್ಗದ ದಾರಿಯೆಂದರೆ ಪ್ರೊಜೆಕ್ಟರಿನಿಂದ ಬಿಳಿ ಹಾಳೆಯ ಮೇಲೆ ಚಿತ್ರ ಬೀಳಿಸಿ ಪಕ್ಕದಲ್ಲೇ ಕ್ಯಾಮೆರಾ ಇಟ್ಟು ಹಿಡಿಯುವುದು. ಹೊಳಪಿಲ್ಲದ ಹಾಳೆಯ ಮೇಲೆ ಗೇಣಗಲದ ಚಿತ್ರ ಸಾಕು. ಹಾಳೆ ಮಿರುಗಿದರೆ ನಡುವೆ ಬೆಳಕು ಉಕ್ಕಿ ಅಂಚು ಕಪ್ಪಾಗುತ್ತದೆ. ನಿಜವಾದ ತೊಡಕು ಮಿನುಗು. ನಮ್ಮ ಟೀವಿ ಸೆಕೆಂಡಿಗೆ 25 ಚಿತ್ರಗಳನ್ನು 50 ಅರೆಪಾಲುಗಳಾಗಿ ತೋರಿಸುವುದರಿಂದ 18ರ ಓಟ ಅದಕ್ಕೆ ಹೊಂದುವುದಿಲ್ಲ. ಆದರೆ ಮೂರು ರೆಕ್ಕೆಯ ಶಟರ್ ಇರುವ ಪ್ರೊಜೆಕ್ಟರನ್ನು 16⅔ ಚಿತ್ರಗಳ ವೇಗಕ್ಕೆ ಇಳಿಸಿದರೆ ಬೆಳಕು ಸೆಕೆಂಡಿಗೆ ಸರಿಯಾಗಿ 50 ಬಾರಿ ಮಿಂಚಿ ಮಿನುಗು ಅಡಗುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ, ಹಸೆಮಣೆಗೆ ಬರುವ ಮದುಮಗಳ ನಡೆ ಶೇ. 7ರಷ್ಟು ನಿಧಾನವಾಗುವುದು. ಕೈಗೆಟಕುವ ಸಾಮಾನಿನಲ್ಲೇ ಇಷ್ಟು ನಿಖರತೆ ಸಾಧಿಸಿದ ಈ ವಿಧಾನವನ್ನು ಒರಟು ಕೆಲಸವೆಂದು ತಳ್ಳಿಹಾಕುವುದು ಅನ್ಯಾಯ.

ತಪ್ಪಾದದ್ದು ಕ್ಯಾಸೆಟ್ಟು ಸಿದ್ಧವಾಯಿತೆಂದು ಮೂಲ ರೀಲನ್ನು ಎಸೆದಾಗ. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ನವೀಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆಗೆ ಬರಲು ಸಾಧ್ಯವಾದದ್ದು ಅದರ ಮೂಲ ನೆಗೆಟಿವ್ ಉಳಿದಿದ್ದರಿಂದ. ಮನೆಯ ರೀಲಿಗೂ ಅದೇ ನಿಯಮ: ಹುಳಿವಾಸನೆ ಬಂದ ಮೇಲೂ, ಪಟ್ಟಿ ಕುಗ್ಗಿ ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಸಿಗದಂತಾಗುವ ಮೊದಲು, ಅದನ್ನು ಚಿತ್ರ ಚಿತ್ರವಾಗಿ ಸ್ಕ್ಯಾನ್ ಮಾಡಿಸಲು ಇನ್ನೂ ಅವಕಾಶವಿರುತ್ತದೆ.