ತವರಲ್ಲಿ ಆಡದೇ ಕಪ್ ಗೆದ್ದ ಟೀಮ್

1/7
ಫ್ರೆಂಡ್ಸ್, ಈ ಸಲ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಕಪ್ ಗೆದ್ದ ಸೀಸನ್‌ನಲ್ಲಿ ಬೆಂಗಳೂರಲ್ಲಿ ಎಷ್ಟು ಮ್ಯಾಚ್ ಆಡಿತ್ತು?

ಉತ್ತರ: ಸೊನ್ನೆ.

ನಂಬಿಕೆ ಬರ್ತಿಲ್ವಾ? ಫೋಟೋ ಸರಿಸ್ತಾ ಹೋಗಿ. ಇದು ಹೆಸರಲ್ಲಿ ಊರು ಇಟ್ಕೊಂಡು ಊರೂರು ಅಲೆದ ಟೀಮಿನ ಇತಿಹಾಸ. ಮಧ್ಯದಲ್ಲಿ ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ಟೀಮೂ ಬರುತ್ತೆ, ನಮ್ಮ ಕೊಪ್ಪನೂ ಬರುತ್ತೆ.

2/7
2014ರಲ್ಲಿ ಪ್ರೊ ಕಬಡ್ಡಿ ಎಂಟು ಟೀಮ್‌ಗಳೊಂದಿಗೆ ಶುರುವಾಯ್ತು. ಅದರ ಲೆಕ್ಕಾಚಾರ ನಮ್ಮ ಹಳೇ ನಾಟಕ ಕಂಪನಿಗಳ ಥರ. ಇಡೀ ಲೀಗ್ ಒಂದು ಊರಿಗೆ ಬಂದು ಮ್ಯಾಟ್ ಹಾಸುತ್ತೆ, ಕೆಲವು ದಿನ ಆಡುತ್ತೆ, ಮತ್ತೆ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ. ಯಾವ ಊರಿಗೆ ಬಂತೋ ಆ ಊರಿನ ಟೀಮಿಗೆ ಅದು ತವರಿನ ಹಬ್ಬ.

ಬುಲ್ಸ್‌ನ ತವರು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. 2015ರಲ್ಲಿ ಮಂಜೀತ್ ಛಿಲ್ಲರ್ ನಾಯಕತ್ವದಲ್ಲಿ ಫೈನಲ್‌ವರೆಗೂ ಹೋಗಿ, ಯು ಮುಂಬಾ ಎದುರು 36-30ರಲ್ಲಿ ಸೋತರು. ಟಿವಿ ಮುಂದೆ ಕೂತು ಅತ್ತಿದ್ದೆ. ನಂಗಾಗ ಹತ್ತು ವರ್ಷ.

3/7
2017. ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ನಮ್ಮ ದೊಡ್ಡಪ್ಪನ ಮಗ, "ಈ ಸಲ ನಿನ್ನ ಮ್ಯಾಚಿಗೆ ಕರ್ಕೊಂಡ್ ಹೋಗ್ತೀನಿ ಕಣೋ" ಅಂದಿದ್ದ. ಕೊಪ್ಪದಿಂದ ಬೆಂಗಳೂರಿಗೆ ಬಸ್ಸಲ್ಲಿ ಐದಾರು ಗಂಟೆ. ಅಪ್ಪನ ಹತ್ರ ಕಾಡಿ ಬೇಡಿ ಪರ್ಮಿಷನ್ ತಗೊಂಡಿದ್ದೆ.

ಆಮೇಲೆ ಅಣ್ಣನ ಫೋನ್: "ಮ್ಯಾಚು ನಾಗ್ಪುರದಲ್ಲಂತೆ ಕಣೋ."

ಹೌದು. ಆ ವರ್ಷ ಆಗಸ್ಟ್‌ನಲ್ಲಿ ಬುಲ್ಸ್ ತಮ್ಮ 'ತವರಿನ' ಪಂದ್ಯಗಳನ್ನ ನಾಗ್ಪುರದ ಮಾನಕಾಪುರ ಕ್ರೀಡಾಂಗಣದಲ್ಲಿ ಆಡಿದರು. ತಮಾಷೆ ಏನು ಗೊತ್ತಾ? ಅದಕ್ಕೆ ಸ್ವಲ್ಪ ದಿನ ಮುಂಚೆ, ಜುಲೈನಲ್ಲಿ, ಇದೇ ಕಂಠೀರವದಲ್ಲಿ ಮಹಿಳಾ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಡೆದಿತ್ತು. ಭಾರತದ ಹುಡುಗೀರು ಕಜಕಿಸ್ತಾನವನ್ನ 75-73ರಲ್ಲಿ ಸೋಲಿಸಿ ಬಿ ಡಿವಿಷನ್ ಗೆದ್ದಿದ್ದರು.

4/7
2018. ಮತ್ತೆ ಫೋನ್: "ಈ ಸಲ ಪುಣೆಯಂತೆ."

ನವೆಂಬರ್‌ನಲ್ಲಿ ಪುಣೆಯ ಬಾಲೇವಾಡಿಯೇ ಬುಲ್ಸ್‌ಗೆ ತವರು. ಆ ಸೀಸನ್ನೇ ಟೀಮ್ ಹುಚ್ಚೆದ್ದು ಆಡಿತು. 2019ರ ಜನವರಿ 5, ಮುಂಬೈ, ಫೈನಲ್. ಗುಜರಾತ್ ಮುಂದಿತ್ತು, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. 38-33. ಬುಲ್ಸ್‌ಗೆ ಮೊದಲ ಕಪ್.

ನಮ್ಮ ಬೀದೀಲಿ ಪಟಾಕಿ ಹೊಡೆದ್ವಿ. ಆದ್ರೆ ಆ ಸೀಸನ್ನಿನ ಒಂದೇ ಒಂದು ರೇಡನ್ನೂ ಕರ್ನಾಟಕದ ನೆಲದಲ್ಲಿ ಕೂತು ಯಾರೂ ನೋಡಿರಲಿಲ್ಲ.

5/7
ಈಗ ಬಾಸ್ಕೆಟ್‌ಬಾಲ್. ಅಮೆರಿಕದಲ್ಲಿ ಎನ್‌ಬಿಎ ಕೆಳಗೆ ಒಂದು ಚಿಕ್ಕ ಲೀಗ್ ಇದೆ. ಆಗ ಡಿ-ಲೀಗ್, ಈಗ ಜಿ-ಲೀಗ್. ಅದರಲ್ಲಿ 2006ರಲ್ಲಿ ಹುಟ್ಟಿದ್ದು ಕೊಲರಾಡೊ ಫೋರ್ಟೀನರ್ಸ್. ಆ ರಾಜ್ಯದ 14,000 ಅಡಿಗಿಂತ ಎತ್ತರದ ಬೆಟ್ಟಗಳಿಗೆ ಅಲ್ಲಿನ ಜನ ಕರೆಯೋ ಹೆಸರೇ ಅದು. 2009ರಲ್ಲಿ ಈ ಟೀಮ್ ಚಾಂಪಿಯನ್ ಆಯ್ತು. ಅದೇ ವರ್ಷ ಮಾರಾಟವೂ ಆಯ್ತು!

ಹೊಸ ಮಾಲೀಕರು ಅದನ್ನ ಟೆಕ್ಸಾಸ್‌ನ ಫ್ರಿಸ್ಕೊ ಊರಿಗೆ ಒಯ್ದರು. ಬೆಟ್ಟವನ್ನ ಲಾರಿಗೆ ಹಾಕೋಕಾಗಲ್ಲವಲ್ಲ, ಹೆಸರು ಬದಲಾಯ್ತು: ಟೆಕ್ಸಾಸ್ ಲೆಜೆಂಡ್ಸ್. ಮೊದಲ ಕೋಚ್ ನ್ಯಾನ್ಸಿ ಲೀಬರ್ಮನ್ ಎಂಬ ಮಹಿಳೆ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್ ಬಂದು ಆಡಿದ್ದೂ ಇಲ್ಲೇ.

ಕೊಲರಾಡೊ ಜನಕ್ಕೆ ಹೊಟ್ಟೆ ಉರಿದಿರುತ್ತೆ, ನಿಜ. ಆದ್ರೆ ಫ್ರಿಸ್ಕೊ ಮಕ್ಕಳಿಗೆ ಒಂದು ಟೀಮ್ ಸಿಕ್ತು, ಅದು ಅಲ್ಲೇ ನೆಲೆ ನಿಂತಿತು. ಬೈಲುಕುಪ್ಪೆ ಪಕ್ಕದಲ್ಲಿ ಬೆಳೆದ ನಮಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಊರು ಬಿಟ್ಟು ಬಂದವರೂ ಇನ್ನೊಂದು ಕಡೆ ಬೇರು ಬಿಡ್ತಾರೆ.

6/7
ಬುಲ್ಸ್ ಕಥೆ ಇದಕ್ಕೆ ಉಲ್ಟಾ. ಹೆಸರು ಕದಲಲಿಲ್ಲ, ಆಟ ಮಾತ್ರ ಅಲೆಯಿತು.

2019ರಲ್ಲಿ ಕಂಠೀರವಕ್ಕೆ ವಾಪಸ್ ಬಂದರು. 2021ರ ಡಿಸೆಂಬರ್‌ನಿಂದ ಕೋವಿಡ್ ಸೀಸನ್: ಹನ್ನೆರಡೂ ಟೀಮ್ ವೈಟ್‌ಫೀಲ್ಡ್‌ನ ಒಂದೇ ಹೋಟೆಲ್‌ನಲ್ಲಿ ಆಡಿದವು. ಇಡೀ ಲೀಗೇ ಬೆಂಗಳೂರಲ್ಲಿ, ಆದ್ರೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ! 2022, 2023ರಲ್ಲಿ ಮತ್ತೆ ಕಂಠೀರವ. 2024ರಲ್ಲಿ ಹೈದರಾಬಾದ್, ನೋಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಕೋಚ್ ನಮ್ಮ ಕನ್ನಡಿಗರೇ, ಅರ್ಜುನ ಪ್ರಶಸ್ತಿಯ ಬಿ.ಸಿ. ರಮೇಶ್. ಕನ್ನಡದ ನೆಲ ಮಾತ್ರ ಪಟ್ಟಿಯಲ್ಲಿಲ್ಲ.

ಬಿಕಾಂ ಹುಡುಗನಾಗಿ ಲೆಕ್ಕ ನಂಗೂ ಅರ್ಥ ಆಗುತ್ತೆ. ಹನ್ನೆರಡು ಊರಿಗೆ ಮ್ಯಾಟು, ಲೈಟು, ಕ್ಯಾಮೆರಾ, ಆಟಗಾರರನ್ನ ಸಾಗಿಸೋದಕ್ಕಿಂತ ಮೂರ್ನಾಲ್ಕು ಊರಲ್ಲಿ ಮುಗಿಸಿದ್ರೆ ಖರ್ಚು ಕಮ್ಮಿ. ಮೊದಲಿಂದಲೂ ಇದು ಟಿವಿಗೆ ಕಟ್ಟಿದ ಲೀಗು, ಟಿವಿಗೆ ಊರು ಯಾವುದಾದರೂ ಒಂದೇ. ಆದ್ರೆ ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಓದ್ತೀವಲ್ಲ, ಕಣ್ಣಿಗೆ ಕಾಣದ ಆಸ್ತಿ? ಬುಲ್ಸ್‌ಗೆ ಆ ಆಸ್ತಿ ತಂದುಕೊಟ್ಟಿದ್ದು ಜೆರ್ಸಿ ಮೇಲಿನ 'ಬೆಂಗಳೂರು' ಅನ್ನೋ ಪದ. ಅದನ್ನ ಬಳಸ್ತಾ ಇದ್ದು, ಊರಿಗೇ ಬರದೇ ಇದ್ರೆ, ಅದು ಬ್ಯಾಲೆನ್ಸ್ ಶೀಟಿನಲ್ಲಿ ಕಾಣದೇ ಸವೆಯೋ ಆಸ್ತಿ.

7/7
2023ರ ಡಿಸೆಂಬರ್‌ನಲ್ಲಿ ಅಣ್ಣ ಕೊನೆಗೂ ಮಾತು ಉಳಿಸ್ಕೊಂಡ. ನಾನು ಹನ್ನೆರಡರಲ್ಲಿ ನೋಡಬೇಕಿದ್ದ ಮ್ಯಾಚನ್ನ ಹದಿನೆಂಟರಲ್ಲಿ ನೋಡಿದೆ. ಟಿವಿಯಲ್ಲಿ ಕೇಳಿಸದ ಒಂದು ವಿಷಯ ಹೇಳ್ಲಾ? ಟ್ಯಾಕಲ್ ಆದಾಗ ಮೈಗಳು ಮ್ಯಾಟ್‌ಗೆ ಅಪ್ಪಳಿಸೋ ಸದ್ದು. ನಾವು ಊರ ಹಬ್ಬದಲ್ಲಿ ಮಣ್ಣಲ್ಲಿ ಬಿದ್ದಾಗ ಬರೋದೂ ಅದೇ ಸದ್ದು. ಆವತ್ತಿಂದ ಅದು ನನ್ನ ಟೀಮ್, ಬರೀ ಟಿವಿ ಟೀಮ್ ಅಲ್ಲ.

ಟೀಮ್ ಊರು ಬಿಟ್ಟರೆ ಒಂದೇ ಸಲ ದುಃಖ. ಹೆಸರು ಇಟ್ಕೊಂಡು ಬರದೇ ಹೋದ್ರೆ ಪ್ರತಿ ವರ್ಷ ಕಾಯಬೇಕು. ಈಗ ಹನ್ನೆರಡು ವರ್ಷ ಆಗಿರೋ ನಮ್ಮೂರ ಹುಡುಗರು ಎಷ್ಟು ವರ್ಷ ಕಾಯಬೇಕೋ.

ನೀವು ಕಣ್ಣಾರೆ ನೋಡಿದ ಮೊದಲ ಮ್ಯಾಚ್ ಯಾವುದು, ಎಲ್ಲಿ? ಕಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಕೊಪ್ಪ #ಪಿರಿಯಾಪಟ್ಟಣ #ಬೆಂಗಳೂರುಬುಲ್ಸ್ #ಕಬಡ್ಡಿ #ಆಟದಇತಿಹಾಸ