ಕಡಲಕುದುರೆಗೆ ಕಾಯಿಲೆ: ಗುರುತಿಸುವುದು ಹೇಗೆ?

ಕಾಯಿಲೆ ಬಿದ್ದ ನಾಯಿ ಮೂಲೆ ಹಿಡಿಯುತ್ತದೆ, ಹಸು ಮೇವು ಬಿಡುತ್ತದೆ. ಗಾಜಿನ ತೊಟ್ಟಿಯೊಳಗಿನ ಕಡಲಕುದುರೆಯ ವಿಷಯ ಹಾಗಲ್ಲ. ಕಡ್ಡಿಯೊಂದಕ್ಕೆ ಬಾಲ ಸುತ್ತಿಕೊಂಡು ಗಂಟೆಗಟ್ಟಲೆ ನಿಶ್ಚಲವಾಗಿ ನಿಲ್ಲುವುದೇ ಅದರ ಸ್ವಭಾವ. ಆರೋಗ್ಯವಾಗಿದ್ದಾಗಲೂ ಕದಲುವುದು ಕಡಿಮೆ, ರೋಗ ಬಂದಾಗಲೂ ಕಡಿಮೆ. ಹೀಗಾಗಿ ಏನೋ ಸರಿಯಿಲ್ಲವೆಂದು ಸಾಕುವವರಿಗೆ ಅನ್ನಿಸುವ ಹೊತ್ತಿಗೆ ಅಮೂಲ್ಯವಾದ ಎರಡು ಮೂರು ದಿನಗಳು ಕಳೆದುಹೋಗಿರುತ್ತವೆ. ಆ ಬಳಿಕ ಗಾಬರಿಯಿಂದ ಕೈಗೆ ಸಿಕ್ಕ ಔಷಧಿಯನ್ನು ನೀರಿಗೆ ಸುರಿಯುವುದು ರೋಗಕ್ಕಿಂತಲೂ ಹೆಚ್ಚಿನ ಹಾನಿಯನ್ನು ಮಾಡುವುದುಂಟು.

ಕನ್ನಡದಲ್ಲಿ ನೀರುಕುದುರೆ ಎಂದರೆ ಆಫ್ರಿಕದ ದಢೂತಿ ಪ್ರಾಣಿ. ಕಡಲಕುದುರೆಯಾದರೋ ಅಪ್ಪಟ ಮೀನು. ಹಿಪೊಕ್ಯಾಂಪಸ್ ಕುಲಕ್ಕೆ ಸೇರಿದ ಈ ಮೀನಿನಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಇದರ ಮೈಮೇಲೆ ಹುರುಪೆಗಳಿಲ್ಲ. ತೆಳುವಾದ ಚರ್ಮದಡಿಯಲ್ಲಿ ಮೂಳೆಯ ಉಂಗುರಗಳಿವೆ. ಬಾಯಲ್ಲಿ ಹಲ್ಲಿಲ್ಲ, ಒಳಗೆ ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಹೀರಿದ ಸೀಗಡಿ ಮರಿ ನೇರವಾಗಿ ಕರುಳಿಗಿಳಿದು ಬೇಗನೆ ಹೊರಬೀಳುತ್ತದೆ. ಆದ್ದರಿಂದ ಬೆಳೆದ ಮೀನಿಗೂ ದಿನಕ್ಕೆ ಎರಡು ಮೂರು ಬಾರಿ ಆಹಾರ ಕೊಡಬೇಕಾಗುತ್ತದೆ. ಉಪವಾಸ ತಾಳುವ ಶಕ್ತಿ ಈ ಜೀವಿಗೆ ಕಡಿಮೆಯೆಂಬುದನ್ನು ಮರೆತರೆ ಮುಂದಿನ ಯಾವ ತಪಾಸಣೆಯೂ ಪ್ರಯೋಜನಕ್ಕೆ ಬಾರದು.

ಭಾರತದ ಓದುಗರು ಮೊದಲಿಗೇ ತಿಳಿದಿರಬೇಕಾದ ಸಂಗತಿಯೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಡಲಕುದುರೆಗಳನ್ನು 2001ರಲ್ಲಿ ಸೇರಿಸಲಾಯಿತು. ಹುಲಿ, ಆನೆಗಳಿಗೆ ಕಾನೂನು ನೀಡಿದ ಸ್ಥಾನವನ್ನೇ ಅಂಗೈಯಗಲದ ಈ ಮೀನಿಗೂ ನೀಡಲಾಯಿತು. ಇಲ್ಲಿ ಇದನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯ ಅಕ್ವೇರಿಯಂನಲ್ಲಿ ಇರಿಸಿಕೊಳ್ಳುವಂತೆಯೂ ಇಲ್ಲ. ಜೀವಂತ ಅಥವಾ ಒಣಗಿಸಿದ ಕಡಲಕುದುರೆಯನ್ನು ಯಾರಾದರೂ ಮಾರಲು ಬಂದರೆ ಅದು ಅರಣ್ಯ ಇಲಾಖೆಗೆ ತಿಳಿಸಬೇಕಾದ ವಿಷಯವೇ ಹೊರತು ಚೌಕಾಶಿ ಮಾಡಬೇಕಾದ ವಿಷಯವಲ್ಲ. ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ನಿಯಂತ್ರಣ 2004ರಿಂದ ಜಾರಿಯಲ್ಲಿದೆ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದೆಡೆ ಇದು ಹಳೆಯ ಹವ್ಯಾಸ. 1950 ಮತ್ತು 60ರ ದಶಕಗಳ ಅಮೆರಿಕದ ಕಾಮಿಕ್ ಪುಸ್ತಕಗಳಲ್ಲಿ ಜೀವಂತ ಕಡಲಕುದುರೆಯನ್ನು ಅಂಚೆಯಲ್ಲಿ ಕಳುಹಿಸಿಕೊಡುವುದಾಗಿ ಜಾಹೀರಾತುಗಳು ಬರುತ್ತಿದ್ದವು. ಹಾಗೆ ಮಕ್ಕಳ ಕೈ ಸೇರಿದ ಅಂಗುಲದುದ್ದದ ಕುಬ್ಜ ಪ್ರಭೇದದ ಬಹುಪಾಲು ಮೀನುಗಳ ಗತಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಈಗ ಅಲ್ಲಿ ಸಾಕಣೆ ಕೇಂದ್ರಗಳಲ್ಲೇ ಹುಟ್ಟಿ ಬೆಳೆದ ಮೀನುಗಳು ದೊರೆಯುತ್ತವೆ. ರೋಗ ಪತ್ತೆಯ ಮೊದಲ ಪ್ರಶ್ನೆಯೂ ಇಲ್ಲಿಂದಲೇ ಆರಂಭವಾಗುತ್ತದೆ: ಮೀನು ಸಾಕಣೆ ಕೇಂದ್ರದ್ದೋ, ಸಮುದ್ರದಿಂದ ಹಿಡಿದದ್ದೋ? ಸಮುದ್ರದಿಂದ ಬಂದ ಮೀನು ಹೆಪ್ಪುಗಟ್ಟಿಸಿದ ಸೀಗಡಿಯನ್ನು ಆಹಾರವೆಂದು ಗುರುತಿಸದೆಯೇ ಉಪವಾಸ ಬೀಳಬಹುದು. ಅದು ರೋಗವಲ್ಲ. ದಿನವೂ ತಿನ್ನುತ್ತಿದ್ದ ಸಾಕಣೆಯ ಮೀನು ಇದ್ದಕ್ಕಿದ್ದಂತೆ ಆಹಾರ ಬಿಟ್ಟರೆ ಮಾತ್ರ ಅದು ಗಂಭೀರ ಸೂಚನೆ.

ಮೊದಲು ನೀರಿನ ಪರೀಕ್ಷೆ

ಮೀನನ್ನು ನೋಡುವ ಮುನ್ನ ನೀರನ್ನು ನೋಡಬೇಕೆಂಬುದು ಜಲಚರ ವೈದ್ಯರೆಲ್ಲರ ಮಾತು. ಅಮೋನಿಯಾ ಹಾಗೂ ನೈಟ್ರೈಟ್ ಸೊನ್ನೆಯಿರಬೇಕು, ನೈಟ್ರೇಟ್ ಕಡಿಮೆಯಿರಬೇಕು, ಪಿಎಚ್ ಎಂಟರ ಆಸುಪಾಸಿನಲ್ಲಿರಬೇಕು. ಏದುಸಿರು, ಮಂಕುತನ, ಮೈ ಕಪ್ಪಾಗುವುದು, ಆಹಾರ ನಿರಾಕರಣೆ ಇವೆಲ್ಲವೂ ಅಮೋನಿಯಾದಿಂದ ಬರಬಹುದು, ಸೋಂಕಿನಿಂದಲೂ ಬರಬಹುದು. ಮನೆಯಲ್ಲೇ ಮಾಡಬಹುದಾದ ಕೆಲವೇ ನಿಮಿಷಗಳ ಪರೀಕ್ಷೆ ಇವೆರಡನ್ನು ಬೇರ್ಪಡಿಸುತ್ತದೆ. ತೊಟ್ಟಿಯಲ್ಲಿರುವ ಎಲ್ಲ ಮೀನುಗಳೂ ಒಂದೇ ದಿನ ಒದ್ದಾಡುತ್ತಿದ್ದರೆ ಅನುಮಾನ ನೀರಿನ ಕಡೆಗೇ ವಾಲಬೇಕು. ಒಂದು ಮಾತ್ರ ಬಳಲುತ್ತಿದ್ದರೆ ಆ ಮೀನಿನ ಕಡೆಗೆ.

ಉಷ್ಣತೆಯ ವಿಷಯದಲ್ಲಿ ಎಡವುವವರು ಬಹಳ. ಸಿಹಿನೀರಿನ ಮೀನು ಸಾಕಿ ರೂಢಿಯಿರುವವರು ಬಿಳಿಚುಕ್ಕೆ ರೋಗ ಕಂಡೊಡನೆ ಹೀಟರ್ ಏರಿಸುತ್ತಾರೆ. ಕಡಲಕುದುರೆಯಲ್ಲಿ ಇದು ತಿರುಗುಬಾಣವಾಗುತ್ತದೆ. ಅದನ್ನು ಹೆಚ್ಚಾಗಿ ಕಾಡುವ ವಿಬ್ರಿಯೋ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಈ ಕಾರಣಕ್ಕೇ ಉಷ್ಣವಲಯದ ಪ್ರಭೇದಗಳನ್ನೂ 20ರಿಂದ 23 ಡಿಗ್ರಿ ಸೆಲ್ಷಿಯಸ್ ನಡುವೆ, ಅಂದರೆ ಹವಳದ ತೊಟ್ಟಿಗಿಂತ ತಂಪಾಗಿ ಇರಿಸಲಾಗುತ್ತದೆ. ಬೇಸಿಗೆಯಲ್ಲಿ ಮನೆಯ ಕೋಣೆ ಕಾದು ನಾಲ್ಕು ದಿನಗಳ ನಂತರ ಬಾಲದಲ್ಲಿ ಹುಣ್ಣು ಕಾಣಿಸಿಕೊಂಡಿದ್ದರೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಊಟದ ಹೊತ್ತೇ ತಪಾಸಣೆಯ ಹೊತ್ತು

ಕಡಲಕುದುರೆ ಆಹಾರ ಹೀರುವಾಗ 'ಟಕ್' ಎಂಬ ಸಣ್ಣ ಸದ್ದಾಗುತ್ತದೆ. ಗಾಜಿನಾಚೆಗೂ ಕೇಳಿಸುವ ಈ ಸದ್ದು ಅನುಭವಿಗಳಿಗೆ ನಾಡಿಮಿಡಿತವಿದ್ದಂತೆ. ಮೀನು ಸೀಗಡಿಯನ್ನು ಕಣ್ಣಿಂದ ಹಿಂಬಾಲಿಸುತ್ತದೆ, ಮೂತಿಯನ್ನು ಗುರಿಯಿಡುತ್ತದೆ, ಹೀರಲು ಯತ್ನಿಸುತ್ತದೆ, ಆದರೆ ಸದ್ದು ಕ್ಷೀಣವಾಗಿದ್ದು ಸೀಗಡಿ ಒಳಗೆ ಹೋಗುವುದಿಲ್ಲ ಎಂದಾದರೆ ಹಸಿವಿದೆ, ಹೀರುವ ಶಕ್ತಿಯಿಲ್ಲ ಎಂದರ್ಥ. ಮೂತಿಯ ಸೋಂಕು, ಬಾಯಿಯ ಕೆಳಭಾಗದ ಎಲುಬಿಗಾದ ಪೆಟ್ಟು ಅಥವಾ ಕಿವಿರಿನಲ್ಲಿ ಸೇರಿದ ಪರೋಪಜೀವಿ ಇದಕ್ಕೆ ಕಾರಣವಾಗಿರಬಹುದು. ಆಹಾರ ಎದುರಿಗೆ ತೇಲಿದರೂ ಕಣ್ಣನ್ನೇ ಹೊರಳಿಸದಿದ್ದರೆ ತೊಂದರೆ ದೇಹದೊಳಗೆ ಆಳಕ್ಕಿಳಿದಿದೆ ಎಂದು ಭಾವಿಸಬೇಕಾಗುತ್ತದೆ.

ಉಸಿರಾಟದ ಲೆಕ್ಕವನ್ನೂ ಇದೇ ಹೊತ್ತಿನಲ್ಲಿ ತೆಗೆಯಬಹುದು. ಕಡಲಕುದುರೆಯ ಕಿವಿರು ಇತರ ಮೀನುಗಳಂತೆ ತೆರೆದು ಕಾಣುವುದಿಲ್ಲ. ಕುಚ್ಚಿನಾಕಾರದ ಕಿವಿರುಗಳು ಮುಚ್ಚಳದಡಿ ಅಡಗಿದ್ದು ಹೊರಕ್ಕೆ ಪುಟ್ಟ ರಂಧ್ರವಷ್ಟೇ ಇರುತ್ತದೆ. ಆದ್ದರಿಂದ ಒಂದು ನಿಮಿಷದಲ್ಲಿ ಎಷ್ಟು ಬಾರಿ ಉಸಿರಾಡುತ್ತಿದೆ ಎಂಬ ಎಣಿಕೆಯೇ ಕಿವಿರಿನ ಸ್ಥಿತಿಗೆ ಕನ್ನಡಿ. ಈ ಸಂಖ್ಯೆ ಪ್ರಭೇದ, ಗಾತ್ರ, ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಆರೋಗ್ಯವಾಗಿದ್ದಾಗಲೇ ಎಣಿಸಿ ಬರೆದಿಟ್ಟವರಿಗೆ ಮಾತ್ರ ಏರುಪೇರು ತಿಳಿಯುತ್ತದೆ.

ಬಸಿರೋ, ಗಾಳಿಯೋ?

ಕಡಲಕುದುರೆಗಳಲ್ಲಿ ಬಸಿರು ಹೊರುವುದು ಗಂಡು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಹೊಟ್ಟೆಯ ಕೆಳಗಿನ ಮರಿಚೀಲದಲ್ಲಿ ಎರಡರಿಂದ ನಾಲ್ಕು ವಾರ ಪೋಷಿಸುತ್ತದೆ. ಸಾಕುವವರಿಗೆ ಹಿಗ್ಗು ತರುವ ಈ ಉಬ್ಬಿದ ಚೀಲವೇ ರೋಗ ಪತ್ತೆಯಲ್ಲಿ ಅತಿ ಹೆಚ್ಚು ಗೊಂದಲ ಉಂಟುಮಾಡುವ ಅಂಗ. ಚೀಲ ಮೂರು ಕಾರಣಗಳಿಗೆ ಉಬ್ಬಬಹುದು: ಬಸಿರು, ಹೆಣ್ಣನ್ನು ಒಲಿಸಿಕೊಳ್ಳಲು ತುಂಬಿಕೊಂಡ ನೀರು, ಅಥವಾ ರೋಗದಿಂದ ಸೇರಿದ ಗಾಳಿ.

ಒಲಿಸುವ ನೀರಾದರೆ ಸ್ವಲ್ಪ ಹೊತ್ತಿನಲ್ಲೇ ಚೀಲ ಇಳಿಯುತ್ತದೆ. ಉಳಿದೆರಡನ್ನು ಬೇರ್ಪಡಿಸಲು ಮೀನು ಕಡ್ಡಿ ಬಿಟ್ಟು ಈಜುವ ಕ್ಷಣಕ್ಕೆ ಕಾಯಬೇಕು. ಬಸಿರಾದ ಗಂಡು ಭಾರವಾಗಿದ್ದರೂ ನೀರಿನಲ್ಲಿ ತನ್ನ ಸಮತೋಲ ಉಳಿಸಿಕೊಳ್ಳುತ್ತದೆ. ಗಾಳಿ ತುಂಬಿದ್ದಾದರೆ ಹಿಡಿತ ತಪ್ಪಿದೊಡನೆ ಬಾಲ ಮೇಲಾಗಿ ಬಿರಡೆಯಂತೆ ಮೇಲಕ್ಕೆ ತೇಲುತ್ತದೆ. ಕೆಳಗಿಳಿಯಲು ತಲೆ ಬಗ್ಗಿಸಿ ಹೆಣಗುತ್ತದೆ. ಇದಕ್ಕೆ ಅನಿಲಗುಳ್ಳೆ ರೋಗವೆಂದು ಹೆಸರು. ಗಾಳಿ ಚೀಲದಲ್ಲಷ್ಟೇ ಅಲ್ಲ, ಬಾಲದ ಚರ್ಮದಡಿ ಗುಳ್ಳೆಗಳಾಗಿ, ಕಣ್ಣಿನ ಹಿಂದೆ ಸೇರಿ ಕಣ್ಣುಗುಡ್ಡೆಯ ಉಬ್ಬಾಗಿ, ಒಡಲೊಳಗೆ ಸೇರಿ ಹೊರಗೆ ಏನೂ ಕಾಣದ ತೇಲುವಿಕೆಯಾಗಿಯೂ ತೋರಬಹುದು. ಕೊನೆಯದನ್ನು ಕ್ಷ-ಕಿರಣ ಚಿತ್ರದಿಂದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಈ ರೋಗದ ಮೂಲದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನೀರಿನಲ್ಲಿ ಅನಿಲ ಅತಿಯಾಗಿ ಕರಗಿರುವುದು, ತೊಟ್ಟಿಯ ಆಳ ಸಾಲದಿರುವುದು, ಒತ್ತಡ, ಸೋಂಕು ಹೀಗೆ ಹಲವು ಕಾರಣಗಳನ್ನು ಮುಂದಿಡಲಾಗುತ್ತದೆ. ಒಂದಕ್ಕಿಂತ ಹೆಚ್ಚು ಮೀನುಗಳಲ್ಲಿ ಗುಳ್ಳೆ ಕಂಡರೆ ಪಂಪಿನ ಕೊಳವೆಯಲ್ಲಿ ಎಲ್ಲಾದರೂ ಗಾಳಿ ಎಳೆದುಕೊಳ್ಳುತ್ತಿದೆಯೇ, ಗಾಜಿನ ಒಳಮೈಗೆ ಸಣ್ಣ ಗುಳ್ಳೆಗಳು ಅಂಟಿವೆಯೇ ಎಂದು ನೋಡುವುದು ವಾಡಿಕೆ. ಚಿಕಿತ್ಸೆಗೆ ವೈದ್ಯರು ಬಳಸುವ ಅಸಿಟಜೋಲಮೈಡ್, ಎತ್ತರದ ಪರ್ವತ ಪ್ರದೇಶಗಳಿಗೆ ಹೋಗುವ ಯಾತ್ರಿಕರು ನುಂಗುವ ಮಾತ್ರೆಯೇ ಎಂಬುದು ಕುತೂಹಲದ ಸಂಗತಿ. ಚರ್ಮದ ಗುಳ್ಳೆಯನ್ನು ಮನೆಯಲ್ಲೇ ಸೂಜಿಯಿಂದ ಚುಚ್ಚುವವರಿದ್ದಾರೆ. ಆ ಗಾಯವೇ ಮುಂದೆ ಸೋಂಕಿಗೆ ಬಾಗಿಲಾಗುತ್ತದೆ.

ಬಿಳಿ ಕಲೆ, ಹಲವು ಕಾರಣ

ಬಿಳಿಯಾಗಿ ಕಂಡದ್ದೆಲ್ಲ ರೋಗವಲ್ಲ ಎಂಬುದನ್ನು ಮೊದಲು ಹೇಳಬೇಕು. ಎಷ್ಟೋ ಕಡಲಕುದುರೆಗಳ ಮೈಮೇಲೆ ಹುಟ್ಟಿನಿಂದಲೇ ಎಳೆಯೆಳೆಯಾದ ಚರ್ಮದ ಕುಚ್ಚುಗಳಿರುತ್ತವೆ, ಪಾಚಿಯೂ ಬೆಳೆಯುತ್ತದೆ. ಪರಿಸರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಗುಣವೂ ಇದೆ. ಇವನ್ನು ಶಿಲೀಂಧ್ರವೆಂದು ಭ್ರಮಿಸಿ ಉಜ್ಜಿ ತೆಗೆಯಲು ಹೋಗಿ ಚರ್ಮ ಕಿತ್ತವರೂ ಇದ್ದಾರೆ.

ನಿಜವಾದ ಕಲೆಗಳಲ್ಲಿ ಬಾಲದ ತುದಿಯಿಂದ ಆರಂಭವಾಗುವ ಬಿಳುಪು ಅತ್ಯಂತ ಅಪಾಯಕಾರಿ. ಚರ್ಮ ಸುಲಿದು, ಕೆಲವೇ ದಿನಗಳಲ್ಲಿ ಎಲುಬು ಕಾಣುವಷ್ಟು ಕೊರೆದರೆ ವಿಬ್ರಿಯೋ ಸೋಂಕಿನ ಸಂಶಯ ಬಲವಾಗುತ್ತದೆ. ಆದರೆ ಯುರೊನೀಮಾದಂಥ ಲೋಮಾಂಗಿ ಏಕಕೋಶ ಜೀವಿಗಳೂ ಹೆಚ್ಚುಕಡಿಮೆ ಇಂಥದೇ ಕಲೆಯನ್ನು ಉಂಟುಮಾಡುತ್ತವೆ. ಮೊದಲನೆಯದಕ್ಕೆ ಆಂಟಿಬಯೋಟಿಕ್ ಬೇಕು. ಎರಡನೆಯದಕ್ಕೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಬರಿಗಣ್ಣಿಗೆ ಒಂದೇ ಆಗಿ ತೋರುವ ಇವೆರಡನ್ನು ಬೇರ್ಪಡಿಸುವ ದಾರಿ ಒಂದೇ: ಕಲೆಯ ಅಂಚಿನಿಂದ ಲೋಳೆಯನ್ನು ಮೃದುವಾಗಿ ಕೆರೆದು, ತೊಟ್ಟಿಯದೇ ನೀರಿನ ಹನಿಯೊಂದಿಗೆ ಗಾಜಿನ ಪಟ್ಟಿಯ ಮೇಲಿರಿಸಿ, ತಕ್ಷಣವೇ ಸೂಕ್ಷ್ಮದರ್ಶಕದಡಿ ನೋಡುವುದು. ಏಕಕೋಶ ಜೀವಿಗಳಾದರೆ ಸರಸರನೆ ಓಡಾಡುವುದು ಕಾಣುತ್ತದೆ. ತಡವಾದರೆ ಅವು ಸತ್ತು ಗುರುತು ಸಿಗದಂತಾಗುತ್ತದೆ.

ಹರಳಿನಂತೆ ಗಟ್ಟಿಯಾದ, ಬೆಳಕು ಹಾಯದ ಬಿಳಿ ಗಂಟುಗಳು ಗ್ಲೂಜಿಯಾ ಎಂಬ ಪರೋಪಜೀವಿಯದಾಗಿರಬಹುದು. ಅನಿಲಗುಳ್ಳೆಯಾದರೆ ಟಾರ್ಚ್ ಬೆಳಕು ಪಾರಾಗುತ್ತದೆ. ಗ್ಲೂಜಿಯಾಕ್ಕೆ ನಂಬಬಹುದಾದ ಔಷಧಿಯಿಲ್ಲ. ಮೀನನ್ನು ಬೇರ್ಪಡಿಸುವುದೇ ಉಳಿದ ಮಾರ್ಗ. ಮೈಮೇಲೆ ಏನೂ ಕಾಣದೆ ಏದುಸಿರು ಮಾತ್ರ ಹೆಚ್ಚುತ್ತಿದ್ದರೆ, ನೀರೂ ಶುದ್ಧವಾಗಿದ್ದರೆ, ಕಿವಿರನ್ನು ಮೊದಲು ಆಕ್ರಮಿಸುವ ಅಮೈಲೂಡಿನಿಯಂ ನೆನಪಿಗೆ ಬರಬೇಕು.

ಔಷಧಿಯನ್ನು ಮುಖ್ಯ ತೊಟ್ಟಿಗೇ ಹಾಕುವುದು ಮತ್ತೊಂದು ಅವಘಡ. ಆಂಟಿಬಯೋಟಿಕ್‌ಗೆ ರೋಗಾಣು ಯಾವುದು, ಅಮೋನಿಯಾವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾ ಯಾವುದು ಎಂಬ ಭೇದವಿಲ್ಲ. ಎರಡೂ ಸತ್ತ ಮೇಲೆ ನೀರೇ ವಿಷವಾಗುತ್ತದೆ. ರೋಗಿಯನ್ನು ಬೇರೆ ತೊಟ್ಟಿಗೆ ಒಯ್ಯುವಾಗ ಬಾಲ ಸುತ್ತಲು ಕಡ್ಡಿಯೊಂದನ್ನು ಅಲ್ಲಿಯೂ ಇರಿಸುವುದು ಅಗತ್ಯ. ಆಸರೆಯಿಲ್ಲದ ಕಡಲಕುದುರೆ ಬೇಗ ದಣಿಯುತ್ತದೆ.

ಸಾಕುವವರ ಕೈಗೂ ಅಂಟುವ ರೋಗ

ಚೆನ್ನಾಗಿ ತಿನ್ನುತ್ತಿದ್ದರೂ ಮೀನು ವಾರಗಟ್ಟಲೆ ಸೊರಗುತ್ತಾ, ಹೊಟ್ಟೆ ಮೂಳೆಯ ಉಂಗುರಗಳ ನಡುವೆ ಒಳಗೆ ಕುಸಿಯುತ್ತಾ ಹೋದರೆ ಕರುಳಿನ ಹುಳು ಅಥವಾ ಮೈಕೋಬ್ಯಾಕ್ಟೀರಿಯಾದ ಸಂಶಯ ಮೂಡುತ್ತದೆ. ಮಲವನ್ನು ಪರೀಕ್ಷಿಸಿ ಮೊದಲನೆಯದನ್ನು ತಿಳಿಯಬಹುದು. ಎರಡನೆಯದು ಮನುಷ್ಯರ ಕ್ಷಯ ಹಾಗೂ ಕುಷ್ಠ ರೋಗಾಣುಗಳ ಬಳಗಕ್ಕೆ ಸೇರಿದ್ದು. ಇವುಗಳಲ್ಲಿ ಒಂದಾದ ಮೈಕೋಬ್ಯಾಕ್ಟೀರಿಯಂ ಮರೈನಂ 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಅಕ್ವೇರಿಯಂನ ಕಡಲ ಮೀನುಗಳಲ್ಲಿ ಪತ್ತೆಯಾಯಿತು. ಮೀನು ಬದುಕಿರುವಾಗ ಇದನ್ನು ಖಚಿತಪಡಿಸುವುದು ಬಹಳ ಕಷ್ಟ.

ಈ ರೋಗಾಣು ಕೈಯ ಮೇಲಿನ ಸಣ್ಣ ಗೀರಿನ ಮೂಲಕ ಮನುಷ್ಯರಿಗೂ ದಾಟುತ್ತದೆ. ಕಡಲಕುದುರೆಯಷ್ಟೇ ಅಲ್ಲ, ಬೆಂಗಳೂರಿನ ಮನೆಯಲ್ಲಿ ಗೋಲ್ಡ್‌ಫಿಷ್ ಸಾಕುವವರಿಗೂ ಅನ್ವಯಿಸುವ ಮಾತಿದು. ವಾರಗಳ ನಂತರ ಬೆರಳಿನಲ್ಲೋ ಮುಂಗೈಯಲ್ಲೋ ಕೆಂಪು ಗಂಟು ಕಾಣಿಸಿಕೊಂಡು, ಸಾಮಾನ್ಯ ಮುಲಾಮುಗಳಿಗೆ ಬಗ್ಗದೆ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ರೋಗಿ ಹೇಳುವುದಿಲ್ಲ, ವೈದ್ಯರಿಗೆ ಕೇಳಲು ಹೊಳೆಯುವುದಿಲ್ಲ. ಪತ್ತೆ ತಡವಾಗುವುದು ಬಹುತೇಕ ಇಲ್ಲಿಯೇ. ಗಾಯವಿದ್ದಾಗ ತೊಟ್ಟಿಗೆ ಕೈಹಾಕದಿರುವುದು, ಹಾಕಲೇಬೇಕಾದರೆ ಕೈಗವಸು ಧರಿಸುವುದು ಕ್ಷೇಮ.

ಮೀನು ಸತ್ತರೆ ಅದನ್ನು ಎಸೆಯುವ ಮುನ್ನ ತೊಟ್ಟಿಯಲ್ಲಿ ಉಳಿದಿರುವ ಮೀನುಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಶವಪರೀಕ್ಷೆಯಿಂದ ತಿಳಿಯುವಷ್ಟು ಬೇರಾವುದರಿಂದಲೂ ತಿಳಿಯದು. ಆದರೆ ನೀರಿನಲ್ಲಿ ಸತ್ತ ಮೀನು ಕೆಲವೇ ಗಂಟೆಗಳಲ್ಲಿ ಕೊಳೆಯಲಾರಂಭಿಸುತ್ತದೆ. ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ನಡುವೆ ಇರಿಸಿ ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಬೇಕು. ಫ್ರೀಜರ್‌ನಲ್ಲಿ ಇರಿಸಬಾರದು, ಒಳಗೆ ಹರಳುಗಟ್ಟುವ ನೀರು ಜೀವಕೋಶಗಳನ್ನು ಒಡೆದು, ಸೂಕ್ಷ್ಮದರ್ಶಕದಡಿ ನೋಡಬೇಕಾದ ಅಂಗಾಂಶವನ್ನು ಕೆಡಿಸಿಬಿಡುತ್ತದೆ. ಜೊತೆಗೆ ತೊಟ್ಟಿಯ ನೀರನ್ನು ಪ್ರತ್ಯೇಕ ಬಾಟಲಿಯಲ್ಲಿ ತುಂಬಿ ಕಳುಹಿಸುವುದು ಒಳ್ಳೆಯದು.